ದಂಪತಿಗಳಿಗಾಗಿ ಚರ್ಚ್ ಔತಣ: ಸ್ವಯಂಸೇವಕರೇ ಸೇರಿ ನಡೆಸುವುದು ಹೇಗೆ?

"ನಮ್ಮ ಚರ್ಚಿನಲ್ಲಿ ಗಂಡ ಹೆಂಡತಿಯರಿಗಾಗಿ ಒಂದು ಸಂಜೆ ಊಟ ಇಡಬೇಕು ಅಂತಿದ್ದೇವೆ. ಹೊರಗಿನವರಿಗೆ ವಹಿಸುವಷ್ಟು ದುಡ್ಡಿಲ್ಲ. ನಾವೇ ಮಾಡಬಹುದಾ?" ಈ ಪ್ರಶ್ನೆ ತಿರುಗಿ ತಿರುಗಿ ಬರುತ್ತಿದೆ. ಮಾಡಬಹುದು. ಅಡುಗೆ ಅನುಭವ ಇರುವ ಇಬ್ಬರು, ಒಂದು ಹಾಲ್, ಎಂಟು ವಾರ ಸಮಯ ಇದ್ದರೆ ಸಾಕು.

ಆದರೆ ಇಂಥ ಔತಣ ಕೆಡುವುದು ಸಾಮಾನ್ಯವಾಗಿ ಊಟದಿಂದಲ್ಲ. ಯಾರಿಗಾಗಿ ಊಟ ಇಟ್ಟಿದ್ದೀರೋ ಅವರೇ ಬಡಿಸುತ್ತಾ ಓಡಾಡಿದರೆ ಕೆಡುತ್ತದೆ. ನಾನು ಮೊದಲ ಸಲ ನಡೆಸಿದ ಔತಣದಲ್ಲಿ ಅಡುಗೆಯ ಹೊಣೆ ಹೊತ್ತ ಮಹಿಳೆ ಸಿಂಕಿನ ಪಕ್ಕ ನಿಂತುಕೊಂಡೇ ತಿಂದರು. ಅವರ ಗಂಡ ಹಾಲ್‌ನಲ್ಲಿ ಒಂದು ಖಾಲಿ ಕುರ್ಚಿ ಪಕ್ಕ ಕೂತಿದ್ದರು. ಎಲ್ಲರೂ "ಊಟ ತುಂಬಾ ಚೆನ್ನಾಗಿತ್ತು" ಅಂತ ಹೇಳಿ ಹೋದರು. ನನಗೆ ನೆನಪಿರುವುದು ಆ ಖಾಲಿ ಕುರ್ಚಿ ಮಾತ್ರ.

ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದರಿಂದ ಆ ಇಬ್ಬರು ಎರಡು ಗಂಟೆ ಪಕ್ಕಪಕ್ಕ ಕೂತು ಮಾತಾಡಲು ಆಗುತ್ತದಾ?

1. ಯಾರಿಗಾಗಿ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಪಾಸ್ಟರ್ ಅಥವಾ ಫಾದರ್ ಜೊತೆ, ಚರ್ಚ್ ಸಮಿತಿ ಜೊತೆ ಕೂತು ಇದನ್ನು ತೀರ್ಮಾನಿಸಿ. "ಮದುವೆಯಾದವರಿಗೆ" ಅಂದರೆ ಯಾರು? ಹೋದ ತಿಂಗಳು ಮದುವೆಯಾದವರೂ ಬರಬಹುದಾ? ಗಂಡ ಅಥವಾ ಹೆಂಡತಿ ಚರ್ಚಿಗೆ ಬರದವರಾಗಿದ್ದರೆ? ಸಂಗಾತಿ ದೂರದ ಕೆಲಸದಲ್ಲಿದ್ದರೆ? ಎರಡನೇ ಮದುವೆ ಆದವರಿದ್ದರೆ? ಎಲ್ಲದಕ್ಕೂ ನಿಮ್ಮ ಉತ್ತರ ಮೊದಲೇ ಸಿದ್ಧ ಇರಲಿ. ಹೆಸರು ಬರೆಸಲು ಬಂದವರ ಮುಂದೆ ತಡವರಿಸಿದರೆ ಅವರಿಗೆ ನೋವಾಗುತ್ತದೆ.

ಇನ್ನೊಂದು ವಿಷಯ. ವಿಧವೆಯರು, ವಿಧುರರು, ಮದುವೆಯಾಗದವರು ಇವರನ್ನೆಲ್ಲ "ಹೇಗೂ ಅವರಿಗೆ ಊಟ ಇಲ್ಲವಲ್ಲ, ಬಡಿಸಲು ಬರಲಿ" ಅಂತ ಎಣಿಸಬೇಡಿ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನೋಡಿ. ಆದಿಸಭೆಯಲ್ಲಿ ದಿನದಿನದ ಊಟ ಹಂಚುವಾಗ ಕೆಲವು ವಿಧವೆಯರನ್ನು ಕಡೆಗಣಿಸಿದರು ಅಂತಲೇ ಗೊಣಗಾಟ ಎದ್ದದ್ದು. ಅದಕ್ಕಾಗಿ ಏಳು ಜನರನ್ನು ಬೇರೆಯಾಗಿ ನೇಮಿಸಬೇಕಾಯಿತು. ಅದೇ ತಪ್ಪು ನಾವು ಮತ್ತೆ ಮಾಡುವುದು ಬೇಡ. ಇವರನ್ನು ಬೇರೆಯಾಗಿ ಕೇಳಿ. ಇಷ್ಟ ಇದ್ದವರು ಬರುತ್ತಾರೆ. ಎಲ್ಲರೂ ಸೇರುವ ಇನ್ನೊಂದು ಊಟದ ದಿನವನ್ನೂ ಇದರ ಜೊತೆಗೇ ಗೊತ್ತುಮಾಡಿ ಪ್ರಕಟಿಸಿದರೆ ಇನ್ನೂ ಒಳ್ಳೆಯದು.

2. ದಿನಾಂಕ

ಸುಮಾರು ಜನ ಫೆಬ್ರವರಿ 14ರ ಆಸುಪಾಸಿಗೇ ಕಣ್ಣು ಹಾಕುತ್ತಾರೆ. ಫೆಬ್ರವರಿಯ ಎರಡನೇ ಭಾನುವಾರವನ್ನು ವಿಶ್ವ ವಿವಾಹ ದಿನವಾಗಿ ಆಚರಿಸುವ ಚರ್ಚುಗಳೂ ಇವೆ. ಆದರೆ ಅಲ್ಲೊಂದು ಗುಂಡಿ ಇದೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಅಂದರೆ ಲೆಂಟ್ ಅಥವಾ ತಪಸ್ಸು ಕಾಲ, ಬೂದಿ ಬುಧವಾರದಿಂದ ಶುರುವಾಗುತ್ತವೆ. ಅದು ಪ್ರತಿ ವರ್ಷ ಬೇರೆ ಬೇರೆ ದಿನ ಬರುತ್ತದೆ. 2018ರಲ್ಲಿ, 2024ರಲ್ಲಿ ಸರಿಯಾಗಿ ಫೆಬ್ರವರಿ 14ಕ್ಕೇ ಬಂದಿತ್ತು. 2029ರಲ್ಲೂ ಹಾಗೇ. 2027ರಲ್ಲಿ ಫೆಬ್ರವರಿ 10ಕ್ಕೇ ಬಂದುಬಿಡುತ್ತದೆ, ಅಂದರೆ ಆ ವರ್ಷದ ಎರಡನೇ ಭಾನುವಾರ ಲೆಂಟ್ ಒಳಗೇ ಬೀಳುತ್ತದೆ. ನಿಮ್ಮ ಸಭೆ ಲೆಂಟ್ ಪಾಲಿಸುವುದಾದರೆ ಕ್ಯಾಲೆಂಡರ್ ನೋಡದೆ ದಿನ ಹೇಳಬೇಡಿ.

ಶನಿವಾರ ಸಂಜೆ ಇಟ್ಟರೆ ಮರುದಿನ ಬೆಳಗಿನ ಆರಾಧನೆಗೆ ಹಾಲ್ ಬೇಕಾಗುತ್ತದಾ ಕೇಳಿಕೊಳ್ಳಿ. ಬೇಕು ಅಂದರೆ ರಾತ್ರಿಯೇ ಕುರ್ಚಿ ತಿರುಗಿಸಿ ಜೋಡಿಸುವವರು ಯಾರು ಅನ್ನುವುದನ್ನು ಈಗಲೇ ಬರೆದಿಡಿ.

3. ಎಷ್ಟು ಜೋಡಿ?

ಹಾಲ್ ಎಷ್ಟು ದೊಡ್ಡದು ಅಂತ ನೋಡಿ ಜನರನ್ನು ಕರೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ನಿಮ್ಮ ಕೈಯಲ್ಲಿ ಎಷ್ಟು ಸ್ವಯಂಸೇವಕರಿದ್ದಾರೆ ಅನ್ನುವುದು ಮೊದಲ ಲೆಕ್ಕ. ಹಾಲ್ ಎರಡನೆಯದು.

ಹಾಲ್ ಲೆಕ್ಕ ಸುಲಭ. 5 ಅಡಿ ಅಗಲದ ದುಂಡು ಮೇಜಿಗೆ 8 ಜನ, ಅಂದರೆ ನಾಲ್ಕು ಜೋಡಿ ಆರಾಮಾಗಿ ಕೂರುತ್ತಾರೆ. 6 ಅಡಿಯದಕ್ಕೆ 10 ಜನ. ಕೂತು ಊಟ ಮಾಡಲು ಒಬ್ಬರಿಗೆ ಸುಮಾರು 12 ಚದರ ಅಡಿ ಹಿಡಿಯಿರಿ. 40 ಜೋಡಿಗೆ 80 ಜನ, 10 ಮೇಜು, ಹತ್ತಿರ ಹತ್ತಿರ 1000 ಚದರ ಅಡಿ. ಊಟ ಇಡುವ ಜಾಗ, ಮೈಕಿನ ಜಾಗ ಇದರ ಮೇಲೆ. ಒಂದು ಮೇಜಿಗೂ ಇನ್ನೊಂದಕ್ಕೂ ನಡುವೆ 5 ಅಡಿ ಬಿಡಿ. ಕುರ್ಚಿ ಹಿಂದಕ್ಕೆ ಸರಿದಾಗಲೂ ತಟ್ಟೆ ಹಿಡಿದವರು ದಾಟಬೇಕಲ್ವಾ? ಗಾಲಿಕುರ್ಚಿ ಬರುವ ದಾರಿ 3 ಅಡಿಗಿಂತ ಕಿರಿದಾಗಬಾರದು. ಹಾಲ್‌ನ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಬರೆದು, ಅದೇ ಅಳತೆಗೆ ದುಂಡಗೆ ಕತ್ತರಿಸಿದ ಕಾಗದದ ತುಂಡುಗಳನ್ನು ಸರಿಸಿ ಸರಿಸಿ ನೋಡಿ. ಹತ್ತು ನಿಮಿಷದ ಕೆಲಸ. ಆ ದಿನ ಮಧ್ಯಾಹ್ನದ ಒಂದು ಗಂಟೆ ಜಗಳ ಉಳಿಯುತ್ತದೆ.

ಜೋಡಿಗೊಂದು ಪುಟ್ಟ ಮೇಜು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನೋಡಲು ಚಂದ. ಆದರೆ 40 ಮೇಜು ಬೇಕು, ಬಡಿಸುವವರಿಗೆ ಓಡಾಟ ಜಾಸ್ತಿ, ಮಾತು ಕಡಿಮೆ ಇರುವ ಜೋಡಿಗಳಿಗೆ ಸಂಜೆ ಬಲು ಉದ್ದ ಆಗುತ್ತದೆ. ನಾನು ನಾಲ್ಕು ಜೋಡಿಯ ಮೇಜಿಗೇ ಓಟು ಹಾಕುತ್ತೇನೆ. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಬೇಡಿ, ಪಕ್ಕಪಕ್ಕ ಕೂರಿಸಿ. ದುಂಡು ಮೇಜಿನಲ್ಲಿ ಎದುರಿಗೆ ಕೂತವರ ಜೊತೆ ಮಾತಾಡಬೇಕಾದರೆ ಗಂಟಲು ಏರಿಸಬೇಕು.

4. ಕೆಲಸ ಮಾಡುವವರು

ಇದೇ ಹೃದಯ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರೆ. ಎಲ್ಲರೂ ಎಲ್ಲಾ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ಏನೂ ನೋಡಿಕೊಳ್ಳುವುದಿಲ್ಲ. ಒಬ್ಬರೇ ಸಂಯೋಜಕರಿರಲಿ. ಅವರ ಕೈಯಲ್ಲಿ ತಟ್ಟೆ ಇರಬಾರದು, ಪೊರಕೆ ಇರಬಾರದು. ಒಂದು ಕಾಗದ, ಒಂದು ಗಡಿಯಾರ ಇದ್ದರೆ ಸಾಕು. ಅವರ ಕೆಳಗೆ ಅಡುಗೆಮನೆ, ಹಾಲ್, ಬಾಗಿಲು, ಮಕ್ಕಳು, ಶುಚಿ ಅಂತ ಐದು ಗುಂಪು. ಪ್ರತಿ ಗುಂಪಿಗೂ ಒಬ್ಬ ಮುಖ್ಯಸ್ಥರು.

ಹತ್ತು ಮೇಜಿಗೆ ನನ್ನ ಲೆಕ್ಕ ಇದು: ಬಡಿಸಲು ಮೇಜಿಗೊಬ್ಬರಂತೆ 10, ಅಡುಗೆಮನೆಗೆ 6, ಬಾಗಿಲಿಗೆ 2, ಮಕ್ಕಳ ಕೋಣೆಗೆ 4, ಮೈಕಿಗೆ 1, ಶುಚಿಗೆ 6. ಸಂಯೋಜಕರನ್ನು ಸೇರಿಸಿದರೆ 30. ಪಳಗಿದವರಾದರೆ ಒಬ್ಬರೇ ಎರಡು ಮೇಜು ನೋಡಿಕೊಳ್ಳಬಲ್ಲರು. ಹೊಸಬರಿಗೆ ಒಂದೇ ಮೇಜು ಕೊಡಿ. "ಮೂವತ್ತು ಜನ ಎಲ್ಲಿಂದ ತರೋದು?" ಅಂತೀರಾ? ಹದಿನೈದೇ ಸಿಕ್ಕರೆ 20 ಜೋಡಿಯನ್ನು ಮಾತ್ರ ಕರೆಯಿರಿ, ಅಷ್ಟೇ.

ಇವರೆಲ್ಲ ಬರುವುದು ಎಲ್ಲಿಂದ? ಯುವಜನರು, ಕಾಲೇಜು ಮಕ್ಕಳು, ಆ ಸಂಜೆ ತಾವು ಅತಿಥಿಗಳಾಗುವುದಿಲ್ಲ ಅಂತ ಖುಷಿಯಿಂದ ಒಪ್ಪಿದ ದಂಪತಿಗಳು. ಅದಕ್ಕಿಂತ ಒಳ್ಳೆಯ ದಾರಿ ಒಂದಿದೆ: ಪಕ್ಕದ ಇನ್ನೊಂದು ಚರ್ಚಿನ ಜೊತೆ ಅದಲುಬದಲು. ಈ ಸಲ ಅವರು ಬಂದು ನಿಮಗೆ ಬಡಿಸುತ್ತಾರೆ, ಅವರ ಔತಣಕ್ಕೆ ನೀವು ಹೋಗುತ್ತೀರಿ. ಆಗ ಅಡುಗೆಯ ಮುಖ್ಯಸ್ಥೆಗೂ ಗಂಡನ ಪಕ್ಕದಲ್ಲಿ ಒಂದು ಕುರ್ಚಿ ಸಿಗುತ್ತದೆ.

ಶುಚಿಯ ಗುಂಪು ಬೇರೆಯದೇ ಇರಲಿ, ರಾತ್ರಿ 8:30ಕ್ಕೆ ಬರಲಿ. ಮಧ್ಯಾಹ್ನದಿಂದ ನಿಂತ ಕಾಲುಗಳಿಗೆ ಪಾತ್ರೆ ತೊಳೆಯುವ ಕೆಲಸ ಕೊಟ್ಟರೆ ಮುಂದಿನ ವರ್ಷ ಅವರು ನಿಮ್ಮ ಫೋನ್ ಎತ್ತುವುದಿಲ್ಲ.

ಹಿಂದಿನ ದಿನ 45 ನಿಮಿಷ ಬಡಿಸುವವರಿಗೆ ಅಭ್ಯಾಸ ಮಾಡಿಸಿ. ಇದನ್ನು ಬಿಟ್ಟವರೇ ಜಾಸ್ತಿ, ಮಾಡಿಸಿದವರು ಮಾತ್ರ ವ್ಯತ್ಯಾಸ ಬಲ್ಲರು. ನಿಜವಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಮೇಜಿನವರೆಗೆ ನಡೆಸಿ. ಹೋಗುವ ಬಾಗಿಲು, ಬರುವ ಬಾಗಿಲು ಬೇರೆ ಮಾಡಿ. ಒಂದೇ ಬಾಗಿಲಿದ್ದರೆ ಎಡಗಡೆಯಿಂದ ಮಾತ್ರ ನಡೆಯುವ ಅಭ್ಯಾಸ ಮಾಡಿಸಿ. ಒಂದು ಮೇಜಿನ ಎಂಟೂ ತಟ್ಟೆ ಹೋದ ಮೇಲೆಯೇ ಮುಂದಿನ ಮೇಜು. ಅರ್ಧ ಮೇಜಿಗೆ ಬಡಿಸಿ ಅರ್ಧ ಬಿಟ್ಟರೆ ಗಂಡನ ತಟ್ಟೆ ಆರುತ್ತದೆ, ಹೆಂಡತಿ ಕಾಯುತ್ತಾಳೆ.

ನೀರು ತುಂಬುವುದನ್ನೂ ಕಲಿಸಬೇಕು, ನಗಬೇಡಿ. ಹದಿನಾರರ ಹುಡುಗನಿಗೆ ಜಗ್ ಕೊಟ್ಟರೆ ಅವನು ಇಬ್ಬರ ನಡುವೆ ತಲೆ ತೂರಿಸಿ "ಅಂಕಲ್, ನೀರು ಬೇಕಾ?" ಅಂತ ಕೇಳುತ್ತಾನೆ. ಅಷ್ಟು ಹೊತ್ತು ಹೇಳಲೋ ಬೇಡವೋ ಅಂತಿದ್ದ ಮಾತು ಅಲ್ಲಿಗೆ ನಿಂತುಹೋಗುತ್ತದೆ. ಕೇಳಬೇಡ, ಲೋಟ ಅರ್ಧಕ್ಕಿಳಿದಾಗ ಬಲಗಡೆಯಿಂದ ಸುಮ್ನೆ ತುಂಬಿಸಿ ಹೋಗು ಅಂತ ಹೇಳಿಕೊಡಿ. ಹಾಗೇ, ಮೇಜಿನಲ್ಲಿ ಒಬ್ಬರು ಇನ್ನೂ ತಿನ್ನುತ್ತಿದ್ದರೂ ಯಾರ ತಟ್ಟೆಯನ್ನೂ ಎತ್ತಬಾರದು. ನಿಧಾನವಾಗಿ ತಿನ್ನುವ ಅಜ್ಜಿಗೆ ಎದ್ದು ಹೋಗಿ ಅಂದಹಾಗೆ ಆಗುತ್ತದೆ.

5. ದುಡ್ಡು

ಮೂರು ದಾರಿ: ಪೂರ್ತಿ ಉಚಿತ, ಜೋಡಿಗಿಷ್ಟು ಅಂತ ಮೊತ್ತ, ಅಥವಾ ಕಾಣಿಕೆ ಪೆಟ್ಟಿಗೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಸ್ವಲ್ಪವಾದರೂ ಕೊಟ್ಟವರು ತಪ್ಪದೆ ಬರುತ್ತಾರೆ, ಪೂರ್ತಿ ಉಚಿತ ಅಂದರೆ ಕೊನೇ ಗಳಿಗೆಯಲ್ಲಿ ಕುರ್ಚಿ ಖಾಲಿ ಬೀಳುತ್ತವೆ. ಕೊಡಲಾಗದವರಿಗೆ ಒಂದು ಪುಟ್ಟ ನಿಧಿ ಇರಲಿ. ಯಾರಿಗೆ ಹೋಯಿತು ಅನ್ನುವುದು ಒಬ್ಬರಿಗೆ ಮಾತ್ರ ಗೊತ್ತಿರಲಿ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದಬೇಡಿ.

ಒಟ್ಟು ಖರ್ಚಿನ ಮೇಲೆ ಹತ್ತನೇ ಒಂದು ಭಾಗ ತೆಗೆದಿಡಿ, ಎಲ್ಲೋ ಒಂದು ಕಡೆ ಬೇಕೇ ಆಗುತ್ತದೆ. ದುಡ್ಡು ಎಣಿಸುವಾಗ ಇಬ್ಬರಿರಬೇಕು, ಅದೂ ಒಂದೇ ಮನೆಯವರಲ್ಲ. ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿಬಿಡಿ.

6. ಅಡುಗೆ

ಅಡುಗೆ ಪಟ್ಟಿಯನ್ನು ಆಸೆ ನೋಡಿ ಬರೆಯಬೇಡಿ, ಒಲೆ ನೋಡಿ ಬರೆಯಿರಿ. ಚರ್ಚಿನ ಅಡುಗೆಮನೆಗೆ ಹೋಗಿ ಉರಿ ಎಷ್ಟಿವೆ, ಫ್ರಿಜ್‌ನಲ್ಲಿ ಎಷ್ಟು ಜಾಗ ಇದೆ, ದೊಡ್ಡ ಪಾತ್ರೆ ಎಷ್ಟಿವೆ ಎಣಿಸಿ. ಒಂದು ಮುಖ್ಯ ಪದಾರ್ಥ, ಅದಕ್ಕೆ ಸಮನಾದ ಒಂದು ಸಸ್ಯಾಹಾರಿ ಪದಾರ್ಥ, ಜೊತೆಗೆ ಎರಡು, ಕೊನೆಗೊಂದು ಸಿಹಿ. ಇದಕ್ಕಿಂತ ಜಾಸ್ತಿ ಬೇಡ. ಕೊನೇ ಹತ್ತು ನಿಮಿಷದಲ್ಲೇ ಮಾಡಬೇಕಾದ ಪದಾರ್ಥ ಒಂದಕ್ಕಿಂತ ಹೆಚ್ಚಿರಬಾರದು. ಎಂಬತ್ತು ಜನಕ್ಕೆ ಮಾಡಿ ಗೊತ್ತಿಲ್ಲದ ಹೊಸ ರುಚಿಯನ್ನು ಆ ದಿನ ಪ್ರಯೋಗ ಮಾಡಲೇಬೇಡಿ.

ಇನ್ನು ಸುರಕ್ಷತೆ. ಮನೆಯಲ್ಲಿ ಚೆನ್ನಾಗಿ ಅಡುಗೆ ಮಾಡುವವರೂ ದೊಡ್ಡ ಪ್ರಮಾಣದಲ್ಲಿ ಎಡವುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆಗಳು ಇವು: ಬೇಯಿಸುವಾಗ ಪದಾರ್ಥದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಡಿಸುವವರೆಗೆ ಬಿಸಿ 60 ಡಿಗ್ರಿಗಿಂತ ಮೇಲೆ ಇರಬೇಕು. ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ. ಈ 5 ಮತ್ತು 60ರ ನಡುವೆ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಅದಕ್ಕೇ ಅಡುಗೆಯವರು ಅದನ್ನು ಅಪಾಯದ ವಲಯ ಅಂತ ಕರೆಯುತ್ತಾರೆ. ಬೆಂದ ಪದಾರ್ಥ ಹಾಗೇ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ಕೊಂಡುಬಿಡಿ. "ಕೈಯಿಟ್ಟು ನೋಡಿದೆ, ಬಿಸಿ ಇದೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹಿಂದಿನ ದಿನವೇ ಮಾಡಿಡುವುದಾದರೆ ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತಳ್ಳಬೇಡಿ. ಅದರ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಆಳ ಇಲ್ಲದ ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಬೇಗ ಆರಿಸಿ, ಆಮೇಲೆ ಒಳಗಿಡಿ. ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅವು ಎದ್ದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ವಾಂತಿ ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಕಾಲಿಡಬಾರದು. ಎಷ್ಟೇ ಒಳ್ಳೆ ಅಡುಗೆಯವರಾಗಲಿ. ಇದನ್ನು ಹೇಳಲು ಸಂಕೋಚ ಆಗುತ್ತದೆ, ಆದ್ದರಿಂದ ಮೊದಲ ಸಭೆಯಲ್ಲೇ ಎಲ್ಲರ ಮುಂದೆ ನಿಯಮ ಅಂತ ಹೇಳಿಬಿಡಿ.

ಅಲರ್ಜಿ ಅಂದರೆ ಕೆಲವು ಪದಾರ್ಥ ಕೆಲವರ ಮೈಗೆ ಒಗ್ಗದೆ, ಉಸಿರುಕಟ್ಟುವವರೆಗೂ ಹೋಗಬಹುದಾದ ತೊಂದರೆ. ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು, ಸಿಗಡಿ, ಎಳ್ಳು: ಸಾಮಾನ್ಯವಾಗಿ ತೊಂದರೆ ಕೊಡುವುದು ಇವು. ಹೆಸರು ಬರೆಸುವಾಗಲೇ ಕೇಳಿ. ಅಂಥವರ ತಟ್ಟೆಯನ್ನು ಬೇರೆ ಸೌಟು, ಬೇರೆ ಹಲಗೆ ಬಳಸಿ ಮೊದಲೇ ಸಿದ್ಧ ಮಾಡಿ ಮುಚ್ಚಿ, ಮೇಲೆ ಹೆಸರು ಮತ್ತು ಮೇಜಿನ ಸಂಖ್ಯೆ ಅಂಟಿಸಿ. ಒಂದು ಪದಾರ್ಥದ ಸೌಟು ಇನ್ನೊಂದಕ್ಕೆ ಬಿದ್ದರೂ ಸಾಕು ತೊಂದರೆ ಆಗಲು.

ಸಾಲಿನಲ್ಲಿ ನಿಂತು ಬಡಿಸಿಕೊಳ್ಳುವ ಬಫೆ ಒಳ್ಳೆಯದಾ, ಮೇಜಿಗೆ ತಂದು ಕೊಡುವುದಾ ಅಂತ ಕೇಳುತ್ತಾರೆ. ಬಫೆ ಸುಲಭ. ಆದರೆ 80 ಜನ ಒಟ್ಟಿಗೆ ಎದ್ದು ಸಾಲು ನಿಂತರೆ ಮಾತುಕತೆಯೆಲ್ಲ ಸಾಲಿನಲ್ಲೇ ಮುಗಿಯುತ್ತದೆ. ಬಡಿಸುವವರು ಕಡಿಮೆ ಇದ್ದರೆ ಮಧ್ಯದ ದಾರಿ ಹಿಡಿಯಿರಿ: ದೊಡ್ಡ ಬಟ್ಟಲುಗಳನ್ನು ಮೇಜಿನ ನಡುವೆ ಇಟ್ಟುಬಿಡುವುದು, ಅವರೇ ಒಬ್ಬರಿಗೊಬ್ಬರು ಬಡಿಸಿಕೊಳ್ಳುವುದು.

ಕುಡಿಯಲು ಏನು ಅನ್ನುವುದನ್ನು ನಿಮ್ಮ ಸಭೆಯ ನಿಯಮ ಹೇಳುತ್ತದೆ. ದ್ರಾಕ್ಷಾರಸದ ಚರ್ಚೆಯನ್ನು ಆ ದಿನಕ್ಕೆ ಉಳಿಸಬೇಡಿ.

7. ಕರೆಯೋಲೆ, ಹೆಸರು ಬರೆಸುವುದು, ಮಕ್ಕಳು

ಆರು ವಾರ ಮುಂಚೆ ಪ್ರಕಟಣೆ, ಹತ್ತು ದಿನ ಮುಂಚೆ ಹೆಸರು ಬರೆಸುವುದು ಬಂದ್. ಕರೆಯೋಲೆಯಲ್ಲಿ ಶುರುವಾಗುವ ಹೊತ್ತು ಮಾತ್ರವಲ್ಲ, ಮುಗಿಯುವ ಹೊತ್ತನ್ನೂ ಬರೆಯಿರಿ. ಎಂಥ ಬಟ್ಟೆ ಹಾಕಿಕೊಂಡು ಬರಬೇಕು, ಮಕ್ಕಳನ್ನು ಕರೆತರಬಹುದಾ, ಎಷ್ಟು ಕೊಡಬೇಕು, ಇವಿಷ್ಟೂ ಇದ್ದರೆ ನಿಮ್ಮ ಫೋನ್‌ಗೆ ಅರ್ಧ ಬಿಡುವು. ಹೆಸರು ಬರೆಸುವ ಚೀಟಿಯಲ್ಲಿ ಮಕ್ಕಳ ಸಂಖ್ಯೆ, ವಯಸ್ಸು, ಅಲರ್ಜಿ, ನಡೆಯಲು ಅಥವಾ ಕೇಳಲು ತೊಂದರೆ ಇದೆಯಾ ಅನ್ನುವುದು ಇರಲಿ. ಮದುವೆಯಾಗಿ ಎಷ್ಟು ವರ್ಷ ಅಂತ ಕೇಳುವ ಅಗತ್ಯ ಇಲ್ಲ.

ಮಕ್ಕಳ ವ್ಯವಸ್ಥೆ ಇಲ್ಲದಿದ್ದರೆ ಈ ಸಂಜೆ ಯಾರಿಗೆ ಜಾಸ್ತಿ ಬೇಕೋ ಆ ಎಳೆ ದಂಪತಿಗಳೇ ಬರಲಾಗುವುದಿಲ್ಲ. ಆದರೆ ಅದನ್ನು ಸುಮ್ನೆ ಯಾರೋ ಇಬ್ಬರು ಹುಡುಗಿಯರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಡಿ. ಪ್ರತಿ ಕೋಣೆಯಲ್ಲೂ ಕನಿಷ್ಠ ಇಬ್ಬರು ದೊಡ್ಡವರು, ಒಂದೇ ಮನೆಯವರಲ್ಲ. ಯಾರೊಬ್ಬರೂ ಯಾವ ಮಗುವಿನ ಜೊತೆಗೂ ಒಂಟಿಯಾಗಿರಬಾರದು. ಕೋಣೆಯ ಬಾಗಿಲು ತೆರೆದೇ ಇರಲಿ. ಮಗುವನ್ನು ಬಿಡುವಾಗ ಹೆಸರು, ಅಪ್ಪ ಅಮ್ಮನ ಫೋನ್, ಮೇಜಿನ ಸಂಖ್ಯೆ ಬರೆದುಕೊಳ್ಳಿ. ಬಿಟ್ಟವರೇ ಬಂದು ಸಹಿ ಹಾಕಿ ಕರೆದುಕೊಂಡು ಹೋಗಲಿ. ಮಕ್ಕಳ ಜೊತೆ ಕೆಲಸ ಮಾಡುವವರ ಬಗ್ಗೆ ನಿಮ್ಮ ಸಭೆಗೂ ನಿಮ್ಮ ದೇಶಕ್ಕೂ ಇರುವ ನಿಯಮ ಏನಿದೆಯೋ ಅದನ್ನು ಚಾಚೂ ತಪ್ಪದೆ ಪಾಲಿಸಿ. ಮಕ್ಕಳ ಊಟ 6:45ಕ್ಕೇ ಆಗಿಬಿಡಲಿ. ಮಗು ಅತ್ತರೆ ಮೈಕಿನಲ್ಲಿ ಕೂಗಬೇಡಿ, ಮೇಜಿನ ಸಂಖ್ಯೆ ನೋಡಿ ಒಬ್ಬರು ಹೋಗಿ ಮೆಲ್ಲಗೆ ಹೇಳಲಿ.

8. ಕಾರ್ಯಕ್ರಮ

ಯಾವ ಹೊತ್ತಿಗೆ ಏನು, ಯಾರು ಅಂತ ಒಂದೇ ಪುಟದಲ್ಲಿ ಬರೆದ ಹಾಳೆಗೆ ರನ್ ಶೀಟ್ ಅಂತಾರೆ. ಇದರ ಪ್ರತಿ ಅಡುಗೆಮನೆಯ ಗೋಡೆಯ ಮೇಲೂ ಇರಬೇಕು. ಒಂದು ಮಾದರಿ:

6:30 ಬಾಗಿಲು ತೆರೆಯುವುದು, ಮಕ್ಕಳನ್ನು ಕೋಣೆಗೆ ಬಿಡುವುದು
6:50 ಸ್ವಾಗತ, ಊಟದ ಪ್ರಾರ್ಥನೆ (5 ನಿಮಿಷ)
7:00 ಊಟ
7:50 ತಟ್ಟೆ ತೆಗೆಯುವುದು, ಸಿಹಿ
8:00 ಮಾತು (12 ನಿಮಿಷ)
8:15 ಮೇಜಿನಲ್ಲಿ ಇಬ್ಬಿಬ್ಬರೇ ಮಾತಾಡುವ ಹೊತ್ತು
8:45 ಒಂದು ಹಾಡು, ಆಶೀರ್ವಾದ
9:00 ಮುಕ್ತಾಯ

ಮಾತನ್ನು ಊಟದ ಮುಂಚೆ ಇಡಬೇಡಿ. ಭಾಷಣಕಾರರು ಹತ್ತು ನಿಮಿಷ ಅಂತ ಹೇಳಿ ಮೂವತ್ತು ತೆಗೆದುಕೊಂಡರೆ, ಒಳಗೆ ಒಲೆಯಿಂದ ಇಳಿಸಿದ ಪದಾರ್ಥ 60ರ ಕೆಳಗೆ ಜಾರುತ್ತಿರುತ್ತದೆ. ಊಟದ ನಂತರ ಅವರು ಎಷ್ಟು ಎಳೆದರೂ ಯಾರ ಹೊಟ್ಟೆಗೂ ಅಪಾಯ ಇಲ್ಲ.

ಮಾತಾಡುವವರಿಗೆ ಮೊದಲೇ ಹೇಳಿ, ಇದು ಭಾನುವಾರದ ಪ್ರಸಂಗ ಅಲ್ಲ. ಹೆಚ್ಚಿನವರು ಬೈಬಲಿನಲ್ಲಿ ಪ್ರೀತಿಯ ಬಗ್ಗೆ ಹೇಳುವ 1 ಕೊರಿಂಥ 13ನೇ ಅಧ್ಯಾಯ ತೆಗೆದುಕೊಳ್ಳುತ್ತಾರೆ. ಅದನ್ನೇ ತೆಗೆದುಕೊಳ್ಳಲಿ, ತಪ್ಪಿಲ್ಲ. ಆದರೆ ಪೌಲ ಅದನ್ನು ಮದುವೆಗೆ ಅಂತ ಬರೆದದ್ದಲ್ಲ. ಕಚ್ಚಾಡಿಕೊಂಡಿದ್ದ ಒಂದು ಸಭೆಗೆ ಬರೆದದ್ದು. ಎರಡೇ ಅಧ್ಯಾಯ ಹಿಂದೆ, 11ರಲ್ಲಿ, ಊಟಕ್ಕೆ ಸೇರಿದಾಗ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದಿರುತ್ತಾನೆ ಅಂತ ಅವರನ್ನೇ ಗದರಿಸಿದ್ದಾನೆ. ಅಲ್ಲಿಂದ ಶುರು ಮಾಡಿದರೆ ಇಪ್ಪತ್ತು ವರ್ಷ ಸಂಸಾರ ಮಾಡಿದವರು ಕಿವಿ ನೆಟ್ಟಗೆ ಮಾಡುತ್ತಾರೆ.

ಇಬ್ಬರೇ ಮಾತಾಡುವ ಹೊತ್ತಿಗೆ ಮೇಜಿನ ಮೇಲೆ ನಾಲ್ಕೈದು ಪ್ರಶ್ನೆಗಳ ಕಾರ್ಡ್ ಇಡಿ. ಪ್ರಶ್ನೆಗಳು ಪುಟ್ಟದಾಗಿರಲಿ. "ನೀವು ಒಬ್ಬರನ್ನೊಬ್ಬರು ಎಷ್ಟು ಪ್ರೀತಿಸುತ್ತೀರಿ?" ಅಂದರೆ ಇಬ್ಬರೂ ಚಮಚ ನೋಡುತ್ತಾ ಕೂರುತ್ತಾರೆ. ಹೀಗೆ ಕೇಳಿ: ಈ ತಿಂಗಳು ನಾನು ಮಾಡಿದ ಯಾವ ಕೆಲಸದಿಂದ ನಿಮ್ಮ ಹೊರೆ ಹಗುರವಾಯಿತು? ನಾವಿಬ್ಬರೂ ಜೋರಾಗಿ ನಕ್ಕದ್ದು ಯಾವಾಗ? ನಾನು ಕೇಳದೇ ಬಿಟ್ಟ ಒಂದು ಮಾತು ಯಾವುದು? ಉತ್ತರವನ್ನು ಯಾರೂ ಎದ್ದು ನಿಂತು ಹೇಳಬೇಕಾಗಿಲ್ಲ ಅಂತ ಮೈಕಿನಲ್ಲೇ ಸ್ಪಷ್ಟವಾಗಿ ಹೇಳಿ.

ಆಟಗಳ ಬಗ್ಗೆ ನನಗೆ ಗುಮಾನಿ. "ಅತ್ಯುತ್ತಮ ಜೋಡಿ" ಆರಿಸುವುದು, ಗಂಡನಿಗೆ ಹೆಂಡತಿಯ ಇಷ್ಟಗಳ ಪರೀಕ್ಷೆ ಇಡುವುದು, ಯಾರಿಗೆ ಎಷ್ಟು ಮಕ್ಕಳು ಅಂತ ಕೈ ಎತ್ತಿಸುವುದು: ನಗುವವರ ನಡುವೆ ಒಬ್ಬರು ಮನೆಗೆ ಹೋಗಿ ಅಳುತ್ತಾರೆ. ಮಕ್ಕಳಿಲ್ಲದವರು, ಮಗುವನ್ನು ಕಳೆದುಕೊಂಡವರು, ನಿನ್ನೆ ರಾತ್ರಿಯಷ್ಟೇ ಜಗಳ ಆಡಿದವರು ಎಲ್ಲರೂ ಅಲ್ಲಿರುತ್ತಾರೆ. ಮದುವೆಯ ಪ್ರಮಾಣವನ್ನು ಮತ್ತೊಮ್ಮೆ ಹೇಳಿಸುವುದಾದರೆ "ಇಷ್ಟ ಇದ್ದವರು ಮಾತ್ರ" ಅಂತ ಹೇಳಿ, ಎಲ್ಲರೂ ಕೂತಲ್ಲೇ ಇರುವಾಗ ಮೆಲ್ಲಗೆ ಹೇಳಿಸಿ. ಎದ್ದು ನಿಲ್ಲಿಸಿದರೆ ಕೂತವರು ಎದ್ದು ಕಾಣುತ್ತಾರೆ.

ಇಂಥ ಸಂಜೆ ಯಾರಾದರೂ ನಿಮ್ಮ ಹತ್ತಿರ ಬಂದು ಮನೆಯಲ್ಲಿ ಹೊಡೆತ ಬಡಿತ ಇದೆ, ಭಯ ಆಗುತ್ತದೆ ಅಂತ ಹೇಳಿಬಿಡಬಹುದು. ಅಲ್ಲೇ ರಾಜಿ ಮಾಡಿಸಲು ಹೋಗಬೇಡಿ. ಸಂಗಾತಿಯನ್ನು ಕರೆದು ಕೇಳಲೇಬೇಡಿ. ನಂಬಿ ಕೇಳಿಸಿಕೊಳ್ಳಿ, ಈ ರಾತ್ರಿ ಮನೆಗೆ ಹೋಗುವುದು ಸುರಕ್ಷಿತವಾ ಕೇಳಿ. ಸಹಾಯವಾಣಿಯ ಸಂಖ್ಯೆ, ಇದನ್ನು ಅರಿತವರ ಸಂಖ್ಯೆ ಸಂಯೋಜಕರ ಬಳಿ ಮೊದಲೇ ಇರಲಿ.

ಸಂಗೀತ ಇರಲಿ, ಆದರೆ ಪಕ್ಕದವರ ಜೊತೆ ಮಾತಾಡಲು ಧ್ವನಿ ಏರಿಸಬೇಕಾಯಿತು ಅಂದರೆ ಅದು ಜಾಸ್ತಿಯಾಯಿತು. ಫೋಟೊಗೆ ಒಂದು ಮೂಲೆ ಮಾಡಿ, ಇಷ್ಟ ಇದ್ದವರು ಅಲ್ಲಿಗೆ ಹೋಗಲಿ. ತಿನ್ನುವಾಗ ಯಾರ ಫೋಟೊ ತೆಗೆದರೂ ಚೆನ್ನಾಗಿ ಬರುವುದಿಲ್ಲ.

9. ಆ ದಿನ

ಮಧ್ಯಾಹ್ನ 2ಕ್ಕೆ ಮೇಜು, 4ಕ್ಕೆ ಅಲಂಕಾರ ಮುಗಿದಿರಬೇಕು, 5:30ಕ್ಕೆ ಎಲ್ಲ ಸ್ವಯಂಸೇವಕರೂ ಕೂತು ಊಟ. ಹೌದು, ಅತಿಥಿಗಳಿಗಿಂತ ಮುಂಚೆ. ಹಸಿದವರು ಬಡಿಸಿದರೆ ಜಗ್ ಹಿಡಿದ ಕೈಯೂ ನಡುಗುತ್ತದೆ. ಆಮೇಲೆ ಒಟ್ಟಿಗೆ ಒಂದು ಪ್ರಾರ್ಥನೆ, ರನ್ ಶೀಟ್ ಇನ್ನೊಂದು ಸಲ ಓದುವುದು.

ಎರಡು ಎಚ್ಚರಿಕೆ. ಬಿಸಿ ಮಾಡುವ ಉಪಕರಣಗಳನ್ನೆಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ. ಕೆಟಲ್, ಬಿಸಿ ಪೆಟ್ಟಿಗೆ ಒಟ್ಟಿಗೆ ಹೊತ್ತಿಸಿದರೆ ಹಾಲ್ ಪೂರ್ತಿ ಕತ್ತಲಾಗುತ್ತದೆ, ಅದೂ ಸರಿಯಾಗಿ ಪ್ರಾರ್ಥನೆಯ ಹೊತ್ತಿಗೆ. ಹಿಂದಿನ ದಿನವೇ ಎಲ್ಲವನ್ನೂ ಒಟ್ಟಿಗೆ ಹಾಕಿ ನೋಡಿ, ಫ್ಯೂಸ್ ಪೆಟ್ಟಿಗೆ ಎಲ್ಲಿದೆ ತಿಳಿದುಕೊಳ್ಳಿ. ಇನ್ನೊಂದು, ಮೇಣದಬತ್ತಿ. ಕಾಗದದ ಹೂವು, ಉದ್ದ ತೋಳಿನ ಬಟ್ಟೆ, ಉರಿವ ಬತ್ತಿ ಒಂದೇ ಮೇಜಿನ ಮೇಲೆ ಬೇಡ. ಬ್ಯಾಟರಿಯ ಪುಟ್ಟ ದೀಪಗಳೂ ಅಷ್ಟೇ ಚಂದ ಕಾಣುತ್ತವೆ. ಹೊರಹೋಗುವ ಬಾಗಿಲುಗಳ ಮುಂದೆ ಕುರ್ಚಿ ಪೇರಿಸಬೇಡಿ.

10. ಮುಗಿದ ಮೇಲೆ

ಮೇಜಿನ ಮೇಲೆ ಹೋಗಿ ಬಂದ ಪದಾರ್ಥ ಉಳಿದಿದ್ದರೆ ಎಸೆದುಬಿಡಿ. ಅಡುಗೆಮನೆಯಲ್ಲೇ 60 ಡಿಗ್ರಿಗಿಂತ ಮೇಲೆ ಉಳಿದದ್ದನ್ನು ಮಾತ್ರ ಪುಟ್ಟ ಡಬ್ಬಿಗಳಿಗೆ ಹಾಕಿ ಕೂಡಲೇ ಆರಿಸಿ ತಣ್ಣಗಿಡಿ ಅಥವಾ ಹಂಚಿ. ಬಿಸಾಡಲು ಮನಸ್ಸು ಬರುವುದಿಲ್ಲ ಅಂತ ರಾತ್ರಿ ಹತ್ತಕ್ಕೆ ಯಾರದೋ ಕೈಗೆ ಕೊಟ್ಟು ಕಳಿಸುವುದು ದಾನ ಅಲ್ಲ.

ಒಂದು ವಾರದೊಳಗೆ ಗುಂಪಿನ ಮುಖ್ಯಸ್ಥರು ಅರ್ಧ ಗಂಟೆ ಕೂಡಿ. ಹೊಗಳಿಕೆ ಸಾಕು, ಲೆಕ್ಕ ಬರೆಯಿರಿ. ಎಷ್ಟು ಜೋಡಿ ಹೆಸರು ಕೊಟ್ಟರು, ಎಷ್ಟು ಬಂದರು. ಯಾವ ಪದಾರ್ಥ ಉಳಿಯಿತು, ಯಾವುದು ಸಾಲಲಿಲ್ಲ. ಯಾವ ಬಾಗಿಲಲ್ಲಿ ನೂಕುನುಗ್ಗಲು ಆಯಿತು. ನನ್ನ ಹಳೇ ಹಾಳೆಯಲ್ಲಿ ಹೀಗಿದೆ: "ಜಗ್ 5 ಸಾಲದು, 10 ಬೇಕು. 7ನೇ ಮೇಜಿಗೆ ಸ್ಪೀಕರ್ ತೀರಾ ಹತ್ತಿರ. ಮಕ್ಕಳ ಕೋಣೆಗೆ ಇನ್ನೊಂದು ಚಾಪೆ." ಆ ಹಾಳೆಯನ್ನು ಅಡುಗೆಮನೆಯ ದೊಡ್ಡ ಪಾತ್ರೆಯೊಳಗೆ ಇಟ್ಟು ಮುಚ್ಚಳ ಹಾಕಿಬಿಡಿ. ಮುಂದಿನ ಸಲ ಮಾಡುವವರು ಯಾರೇ ಆಗಲಿ, ಮೊದಲು ತೆರೆಯುವುದು ಅದನ್ನೇ.